ಹೊರೆದಾರಿಯಿಂದ ಆರಂಭಿಸಿ: ಗ್ರ್ಯಾಂಡ್ ಪೋರ್ಟೇಜ್ ಭೇಟಿಗೆ ಒಂದು ಸಿದ್ಧತೆ

(ಮಿನಿಯಾಪೊಲಿಸ್‌ನಲ್ಲಿ ನಡೆದ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ಸುಪೀರಿಯರ್ ಸರೋವರದ ಉತ್ತರ ದಂಡೆಯನ್ನು ಒಮ್ಮೆಯಾದರೂ ಕಂಡವರೇ. ಡುಲುತ್ ದಾಟಿ 61ನೇ ಹೆದ್ದಾರಿ ಹಿಡಿಯುತ್ತೇವೆ, ಗೂಸ್‌ಬೆರಿ ಜಲಪಾತದ ಬಳಿ ಫೋಟೊ ತೆಗೆಸಿಕೊಳ್ಳುತ್ತೇವೆ, ಸ್ಪ್ಲಿಟ್ ರಾಕ್ ದೀಪಸ್ತಂಭವನ್ನು ನೋಡುತ್ತೇವೆ, ಗ್ರ್ಯಾಂಡ್ ಮರೇ ಊರಿನಲ್ಲಿ ಊಟ ಮುಗಿಸಿ ಕಾರನ್ನು ಹಿಂದಕ್ಕೆ ತಿರುಗಿಸುತ್ತೇವೆ. ಅಲ್ಲಿಂದ ಮುಂದೆ ಇನ್ನು ಸುಮಾರು 36 ಮೈಲಿ ಹೋದರೆ, ಕೆನಡಾದ ಗಡಿಗೆ ಕೆಲವೇ ಮೈಲಿ ಈಚೆಗೆ, ಗ್ರ್ಯಾಂಡ್ ಪೋರ್ಟೇಜ್ ಎಂಬ ಚಿಕ್ಕ ಊರು ಸಿಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಉತ್ತರ ಅಮೆರಿಕದ ತುಪ್ಪಳ ವ್ಯಾಪಾರದ ಬಹುದೊಡ್ಡ ಪಾಲು ಈ ಊರಿನ ಕೊಲ್ಲಿಯ ಮೂಲಕವೇ ಹಾದುಹೋಗುತ್ತಿತ್ತು. ಮಾಂಟ್ರಿಯಲ್ ವರ್ತಕರ ನಾರ್ತ್ ವೆಸ್ಟ್ ಕಂಪನಿಯ ಒಳನಾಡಿನ ಮುಖ್ಯ ವ್ಯಾಪಾರ ಠಾಣೆ ಇದ್ದದ್ದು ಇಲ್ಲಿ. ಇಂದು ಅದು ರಾಷ್ಟ್ರೀಯ ಸ್ಮಾರಕ. ಪ್ರವೇಶಕ್ಕೆ ಶುಲ್ಕವಿಲ್ಲ.

ಆ ಸ್ಥಳಕ್ಕೆ ಹೋಗಿಬಂದವರು ಅನೇಕರು ಹೇಳುವ ಮಾತೊಂದಿದೆ: ಮರದ ಗೂಟಗಳ ಬೇಲಿ, ನಾಲ್ಕಾರು ಮರದ ಕಟ್ಟಡ, ಹಳೆಯ ಕಾಲದ ಉಡುಪು ತೊಟ್ಟ ಮಾರ್ಗದರ್ಶಕರು, ಒಂದೂವರೆ ಗಂಟೆಯಲ್ಲಿ ಎಲ್ಲವೂ ಮುಗಿಯಿತು, ಇದಕ್ಕಾಗಿ ಐದು ಗಂಟೆ ಕಾರು ಓಡಿಸಬೇಕಿತ್ತೇ, ಎಂದು. ಈ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಬೇಲಿಯೊಳಗಿನ ಕಟ್ಟಡಗಳಿಂದ ಆರಂಭಿಸಿ ಅಲ್ಲಿಯೇ ಮುಗಿಸುವವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಆ ಕಟ್ಟಡಗಳು ಅಲ್ಲಿ ಎದ್ದು ನಿಂತದ್ದು ಒಂದು ಕಾಲುದಾರಿಯ ಕಾರಣದಿಂದ. ಆ ಕಾಲುದಾರಿ ಹುಟ್ಟಿದ್ದು ಒಂದು ನದಿಯ ಕಾರಣದಿಂದ. ಆದ್ದರಿಂದ ಭೇಟಿಯ ಯೋಜನೆಯನ್ನು ನದಿಯಿಂದ ಮೊದಲುಮಾಡಿ, ದಾರಿಯಲ್ಲಿ ನಡೆದು, ಕಟ್ಟಡಗಳನ್ನು ಕಡೆಗೆ ಇಟ್ಟುಕೊಳ್ಳಬೇಕು ಎಂಬುದು ಇಂದಿನ ನನ್ನ ಸಲಹೆ. ಉಳಿದ ಮಾತೆಲ್ಲ ಈ ಸಲಹೆಯ ವಿವರಣೆ.

ಮೊದಲ ದಿನ ಬೆಳಿಗ್ಗೆ ಸ್ಮಾರಕದ ಮುಂದೆ ನಿಲ್ಲದೆ ನೇರವಾಗಿ ಗಡಿಯವರೆಗೆ ಹೋಗಿ. ಗಡಿ ತಪಾಸಣಾ ಠಾಣೆಗೆ ತುಸು ಮೊದಲು ಗ್ರ್ಯಾಂಡ್ ಪೋರ್ಟೇಜ್ ರಾಜ್ಯ ಉದ್ಯಾನದ ಕಟ್ಟಡ ಕಾಣಿಸುತ್ತದೆ. ಅಲ್ಲಿಂದ ಸುಮಾರು ಅರ್ಧ ಮೈಲಿಯ ಸಮತಟ್ಟಾದ ಹಾದಿಯಲ್ಲಿ ನಡೆದರೆ ಪಿಜನ್ ನದಿಯ ಹೈ ಫಾಲ್ಸ್ ಎದುರಾಗುತ್ತದೆ. ಸುಮಾರು 120 ಅಡಿ ಎತ್ತರದ ಈ ಜಲಪಾತ ಮಿನೆಸೋಟದಲ್ಲೇ ಅತಿ ಎತ್ತರದ್ದು; ಅರ್ಧ ನೀರು ಅಮೆರಿಕದ್ದು, ಅರ್ಧ ಕೆನಡಾದ್ದು ಎನ್ನಬಹುದು, ಏಕೆಂದರೆ ಗಡಿರೇಖೆ ನದಿಯ ನಡುವೆ ಹಾದಿದೆ. ಹಾದಿಯನ್ನು ಗಾಲಿಕುರ್ಚಿಗೂ ಅನುಕೂಲವಾಗುವಂತೆ ಮಾಡಿರುವುದರಿಂದ, ಊರಿನಿಂದ ಬಂದಿರುವ ತಂದೆತಾಯಿಯರನ್ನು ಕರೆದೊಯ್ಯಲು ಅಡ್ಡಿಯಿಲ್ಲ.

ಆ ಜಲಪಾತದ ಮುಂದೆ ನಿಂತು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪಿಜನ್ ನದಿಯು ಸುಪೀರಿಯರ್ ಸರೋವರದಿಂದ ಪಶ್ಚಿಮದ ನೂರಾರು ಕೆರೆಗಳ ಕಡೆಗೆ, ಅಲ್ಲಿಂದ ರೈನಿ ಸರೋವರ, ವಿನಿಪೆಗ್ ಸರೋವರ, ಕಡೆಗೆ ಅಥಬಾಸ್ಕದ ಕಾಡುಗಳವರೆಗೆ ದೋಣಿಯಲ್ಲಿ ಹೋಗಲು ಇದ್ದ ಅತ್ಯುತ್ತಮ ಬಾಗಿಲು. ಆದರೆ ಆ ಬಾಗಿಲಿನ ಹೊಸ್ತಿಲಲ್ಲೇ, ನದಿಯ ಕೊನೆಯ 20 ಮೈಲಿಗಳಷ್ಟು ಉದ್ದಕ್ಕೆ, ಜಲಪಾತಗಳು, ಕೊರಕಲುಗಳು ಮತ್ತು ಭೋರ್ಗರೆವ ಇಳಿಜಾರುಗಳು ತುಂಬಿಕೊಂಡಿದ್ದವು. ಯಾವ ದೋಣಿಯೂ ಅಲ್ಲಿ ಏರಲಾರದು, ಇಳಿಯಲಾರದು. ಇದನ್ನು ಬಲ್ಲ ಅನಿಶಿನಾಬೆ ಜನರು, ಅಂದರೆ ಓಜಿಬ್ವೆ ಜನರು, ಮತ್ತು ಅವರಿಗೂ ಮೊದಲಿದ್ದವರು, ನದಿಯನ್ನು ಬಿಟ್ಟು ಬೆಟ್ಟಗಳ ನಡುವಿನ ಒಂದು ತಗ್ಗಿನಲ್ಲಿ ಎಂಟೂವರೆ ಮೈಲಿಯ ಕಾಲುದಾರಿಯನ್ನು ಕಂಡುಕೊಂಡರು. ಸರೋವರದ ಕೊಲ್ಲಿಯಿಂದ ಹೊರಟು ಜಲಪಾತಗಳ ಮೇಲ್ಭಾಗದಲ್ಲಿ ನದಿಯನ್ನು ಸೇರುವ ಆ ದಾರಿಗೆ ಅವರು ಇಟ್ಟ ಹೆಸರು ಗಿಚಿ ಒನಿಗಾಮಿಂಗ್, ದೊಡ್ಡ ಹೊರೆದಾರಿ, ಅಂದರೆ ನೀರು ಬಿಟ್ಟು ಸರಕನ್ನು ಹೊತ್ತು ನಡೆಯುವ ದಾರಿ. ಫ್ರೆಂಚರು ಅದೇ ಅರ್ಥವನ್ನು ತಮ್ಮ ಭಾಷೆಗೆ ಇಳಿಸಿಕೊಂಡರು. ಜಲಪಾತವನ್ನು ಕಂಡ ಮೇಲೆ ಈ ಹೆಸರಿಗೆ ಬೇರೆ ಟಿಪ್ಪಣಿ ಬೇಕಾಗುವುದಿಲ್ಲ.

ಈಗ ದಾರಿಯ ಮಾತಿಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇದೇ ಭೇಟಿಯ ತಿರುಳು.

ಈ ದಾರಿಯ ಬಗ್ಗೆ ಉಳಿದಿರುವ ಹಳೆಯ ದಾಖಲೆಗಳಲ್ಲೊಂದು 1731ರದು. ಆ ವರ್ಷ ಲಾ ವೆರೆಂಡ್ರಿ ಎಂಬ ಫ್ರೆಂಚ್ ಅಧಿಕಾರಿ ಮಾಂಟ್ರಿಯಲ್‌ನಿಂದ ತನ್ನ ತಂಡದೊಡನೆ ಇಲ್ಲಿಗೆ ಬಂದಾಗ, ಮುಂದಿದ್ದ ಹೊರೆದಾರಿಯನ್ನು ಕಂಡು ಅವನ ಆಳುಗಳು ಹೊರಲು ಒಪ್ಪದೆ ಎದುರುನಿಂತರು. ಕೆಲವರನ್ನು ಮಾತ್ರ ಒಪ್ಪಿಸಿ ಮುಂದಕ್ಕೆ ಕಳುಹಿಸಿ, ತಾನು ಉಳಿದವರೊಂದಿಗೆ ಕಮಿನಿಸ್ಟಿಕ್ವಿಯಾ ನದಿಯ ದಡದಲ್ಲಿ ಚಳಿಗಾಲವನ್ನು ಕಳೆಯಬೇಕಾಯಿತು. ದಾರಿಯ ಮೊದಲ ಮೈಲಿಯ ಏರನ್ನು ಬರಿಗೈಯಲ್ಲಿ ಹತ್ತಿದವರಿಗೂ ಆ ಆಳುಗಳ ಮೇಲೆ ಸಹಾನುಭೂತಿ ಮೂಡುತ್ತದೆ.

ಅವರು ಹೊರಬೇಕಿದ್ದದ್ದು ಏನು? ಮಾಂಟ್ರಿಯಲ್ ಬಳಿಯ ಲಶೀನ್‌ನಿಂದ ಮೇ ತಿಂಗಳಲ್ಲಿ, ಮಂಜುಗಡ್ಡೆ ಕರಗಿದೊಡನೆ, ದೊಡ್ಡ ದೋಣಿಗಳ ಸಾಲು ಹೊರಡುತ್ತಿತ್ತು. ಸುಮಾರು 36 ಅಡಿ ಉದ್ದದ ಆ ದೋಣಿಗಳ ಮೈ ಭೂರ್ಜ ಮರದ ತೊಗಟೆಯದು, ಪಕ್ಕೆಲುಬುಗಳು ಸೀಡರ್ ಮರದವು, ಹೊಲಿಗೆ ಸ್ಪ್ರೂಸ್ ಬೇರಿನದು, ಸಂದುಗಳಿಗೆ ಹಚ್ಚಿದ್ದು ಅದೇ ಮರದ ಅಂಟು. ಮೊಳೆ ಒಂದೂ ಇಲ್ಲ. ಮೂರು ನಾಲ್ಕು ಟನ್ ಸರಕು ಹೊತ್ತ ಈ ದೋಣಿಗಳು ಆರರಿಂದ ಎಂಟು ವಾರಗಳಲ್ಲಿ, ಸಾವಿರ ಮೈಲಿಗೂ ಮಿಕ್ಕಿದ ಜಲಮಾರ್ಗವನ್ನು ಕ್ರಮಿಸಿ, ಗ್ರ್ಯಾಂಡ್ ಪೋರ್ಟೇಜ್ ತಲುಪುತ್ತಿದ್ದವು. ಕಂಬಳಿ, ಬಟ್ಟೆ, ಬಂದೂಕು, ಮದ್ದು, ಕೊಡಲಿ, ಹಿತ್ತಾಳೆಯ ಕೊಳಗ, ಮಣಿಸರ, ತಂಬಾಕು, ರಮ್: ಎಲ್ಲವನ್ನೂ ಸುಮಾರು 90 ಪೌಂಡ್ ತೂಕದ ಕಟ್ಟುಗಳಾಗಿ ಬಿಗಿದಿರುತ್ತಿದ್ದರು. ಒಬ್ಬ ಆಳು ಒಂದು ಸಲಕ್ಕೆ ಅಂಥ ಎರಡು ಕಟ್ಟುಗಳನ್ನು ಹೊರುವುದು ವಾಡಿಕೆ. ಹಣೆಗೆ ಬಿಗಿದ ಚರ್ಮದ ಪಟ್ಟಿಯೊಂದರಿಂದ ಒಂದು ಕಟ್ಟು ಬೆನ್ನ ಕೆಳಭಾಗದಲ್ಲಿ ನೇತುಬೀಳುತ್ತಿತ್ತು. ಇನ್ನೊಂದು ಅದರ ಮೇಲೆ ಕೂರುತ್ತಿತ್ತು. ಎರಡೂ ಸೇರಿ 80 ಕಿಲೊಗೂ ಮೇಲೆ. ನಮ್ಮ ಎಪಿಎಂಸಿ ಯಾರ್ಡಿನ ಹಮಾಲರು ಲಾರಿಯಿಂದ ಮಂಡಿಗೆ ಮೂಟೆ ಇಳಿಸುವುದನ್ನು ಕಂಡವರು, ಅಂಥದೇ ಹೊರೆಯನ್ನು ಕೆಸರು, ಬಂಡೆ, ನುಸಿಗಳ ನಡುವೆ ಎಂಟೂವರೆ ಮೈಲಿ ಒಯ್ಯುವುದನ್ನು ಊಹಿಸಿಕೊಳ್ಳಬೇಕು.

ಇಡೀ ದಾರಿಯನ್ನು ಅವರು ಒಂದೇ ಉಸಿರಿನಲ್ಲಿ ನಡೆಯುತ್ತಿರಲಿಲ್ಲ. ಸರಿಸುಮಾರು ಅರ್ಧ ಮೈಲಿಗೊಂದರಂತೆ ಹದಿನಾರು ತಂಗುನೆಲೆಗಳಿದ್ದವು. ಒಂದು ನೆಲೆಯವರೆಗೆ ಹೊರೆ ಒಯ್ದು ಇಳಿಸಿ, ಹಿಂದಿರುಗಿ, ಮುಂದಿನ ಹೊರೆ ತರುವುದು. ಹೀಗೆ ಇಡೀ ಸರಕು ನೆಲೆಯಿಂದ ನೆಲೆಗೆ ತೆವಳುತ್ತ ಸಾಗುವುದು. ಕಂಪನಿಯ ಪಾಲುದಾರನಾಗಿದ್ದ, 1793ರಲ್ಲಿ ಭೂಮಾರ್ಗವಾಗಿ ಪೆಸಿಫಿಕ್ ಕಡಲನ್ನು ಮುಟ್ಟಿದ ಅಲೆಕ್ಸಾಂಡರ್ ಮೆಕೆಂಜಿ, ಕೆಲವು ಆಳುಗಳು ಎರಡು ಕಟ್ಟುಗಳನ್ನು ಆಚೆ ತುದಿಗೆ ಒಯ್ದು, ಅಲ್ಲಿಂದ ಮತ್ತೆರಡನ್ನು ಹೊತ್ತು, ಆರು ಗಂಟೆಗಳಲ್ಲಿ ಮರಳಿದ್ದನ್ನು ತಾನು ಬಲ್ಲೆನೆಂದು ಬರೆದಿದ್ದಾನೆ. ಮಾಲೀಕರು ಆಳುಗಳ ದುಡಿಮೆಯನ್ನು ಬಣ್ಣಿಸುವಾಗ ಕೊಂಚ ಉತ್ಸಾಹ ಸೇರುವುದುಂಟು; ಆದರೂ ಆ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಕಾರಣ ಕಾಣುವುದಿಲ್ಲ.

ದಾರಿಯ ಆಚೆ ತುದಿಯಲ್ಲಿ ಫೋರ್ಟ್ ಶಾರ್ಲೆಟ್ ಎಂಬ ಚಿಕ್ಕ ಠಾಣೆ. ಅಲ್ಲಿಂದ ಮುಂದಿನ ಹೊಳೆ, ಕೆರೆಗಳಿಗೆ ದೊಡ್ಡ ದೋಣಿ ಒಗ್ಗುವುದಿಲ್ಲ. ಸುಮಾರು 25 ಅಡಿಯ, ಹಗುರವಾದ ಉತ್ತರದ ದೋಣಿ ಬೇಕು. ಹೀಗೆ ದೋಣಿಗಳು ಬದಲಾಗುವ ಜಾಗದಲ್ಲಿ ಜನರೂ ಬದಲಾಗುತ್ತಿದ್ದರು. ಮಾಂಟ್ರಿಯಲ್‌ನಿಂದ ಬಂದು ಹಿಂದಿರುಗುವವರಿಗೆ ಹಂದಿಮಾಂಸ ತಿನ್ನುವವರು ಎಂಬ ಅಡ್ಡಹೆಸರು. ಕಾಡಿನಲ್ಲೇ ಚಳಿಗಾಲ ಕಳೆದು, ತುಪ್ಪಳದ ಕಟ್ಟುಗಳೊಂದಿಗೆ ಇಳಿದುಬರುವವರು ಚಳಿಗಾಲಿಗರು. ಎರಡನೆಯವರು ಮೊದಲನೆಯವರನ್ನು ಕೀಳಾಗಿ ಕಾಣುತ್ತಿದ್ದರು. ಜುಲೈ ತಿಂಗಳ ಕೆಲವೇ ವಾರಗಳಲ್ಲಿ ಈ ಎರಡೂ ಗುಂಪುಗಳು ಕೊಲ್ಲಿಯ ದಂಡೆಯಲ್ಲಿ ಸೇರಿ ಸರಕು ಕೊಟ್ಟು ತುಪ್ಪಳ ಪಡೆಯುವ ಕೂಟವೇ ಪ್ರಸಿದ್ಧವಾದ ವಾರ್ಷಿಕ ಮಿಲನ. ಅತಿ ದೂರದ ಅಥಬಾಸ್ಕದ ತಂಡಗಳಿಗೆ ಮಾತ್ರ ಇಲ್ಲಿಯವರೆಗೆ ಬಂದು ಮಂಜು ಕಟ್ಟುವ ಮೊದಲು ಹಿಂದಿರುಗಲು ಸಮಯ ಸಾಲದ್ದರಿಂದ, ಅವರ ಸರಕನ್ನು ರೈನಿ ಸರೋವರದವರೆಗೆ ಮುಟ್ಟಿಸುತ್ತಿದ್ದರು.

ಈ ದಾರಿಯಲ್ಲಿ ಇಂದು ನಡೆಯಲು ಮೂರು ಬಗೆಗಳಿವೆ. ಗಟ್ಟಿ ಕಾಲಿನವರು ಬೆಳಿಗ್ಗೆ ಬೇಗನೆ ಹೊರಟು ಇಡೀ ದಾರಿ ಹೋಗಿ ಬರಬಹುದು. ಒಟ್ಟು 17 ಮೈಲಿ, ಪೂರಾ ಒಂದು ದಿನದ ಕೆಲಸ. ಫೋರ್ಟ್ ಶಾರ್ಲೆಟ್‌ಗೆ ಕಾರಿನ ರಸ್ತೆ ಇಲ್ಲವೆಂಬುದನ್ನು ಮರೆಯಬಾರದು. ನಡೆದು ಹೋದವರು ನಡೆದೇ ಹಿಂದಿರುಗಬೇಕು. ಅಲ್ಲಿ ರಾತ್ರಿ ಡೇರೆ ಹಾಕಲು ಎರಡು ನೆಲೆಗಳಿವೆ, ಮೊದಲೇ ಅನುಮತಿ ಪಡೆಯಬೇಕು. ಎರಡನೆಯ ಬಗೆ, ಹಳೆಯ 61ನೇ ಹೆದ್ದಾರಿ ದಾರಿಯನ್ನು ಸರಿಸುಮಾರು ನಡುವಿನಲ್ಲಿ ಅಡ್ಡಹಾಯುವ ಕಡೆ ಕಾರು ನಿಲ್ಲಿಸಿ, ಉತ್ತರದ ಅರ್ಧವನ್ನು ಮಾತ್ರ ನಡೆಯುವುದು. ನನಗೆ ಮೆಚ್ಚುಗೆಯಾದದ್ದು ಇದೇ. ಈ ಭಾಗದಲ್ಲಿ ಜೌಗು ನೆಲದ ಮೇಲೆ ಹಲಗೆಗಳ ಕಾಲುಸೇತುವೆಗಳಿವೆ. ಅವುಗಳ ಪಕ್ಕದಲ್ಲೇ ಬೀವರ್‌ಗಳು, ಅಂದರೆ ಮರ ಕಡಿದು ನೀರಿಗೆ ಒಡ್ಡು ಹಾಕುವ ದಂಶಕ ಪ್ರಾಣಿಗಳು, ಕಟ್ಟಿದ ಒಡ್ಡುಗಳೂ ಕೊಳಗಳೂ ಇವೆ. ಯಾವ ಪ್ರಾಣಿಯ ಚರ್ಮವನ್ನು ಲಕ್ಷಗಟ್ಟಲೆ ಈ ದಾರಿಯಲ್ಲಿ ಹೊತ್ತರೋ ಅದರ ಸಂತತಿ ಈಗ ದಾರಿಗೇ ನೀರು ಹಾಯಿಸಿ ಉದ್ಯಾನದ ಸಿಬ್ಬಂದಿಗೆ ಕೆಲಸ ಹಚ್ಚುತ್ತಿದೆ. ಮೂರನೆಯ ಬಗೆ, ಚಿಕ್ಕ ಮಕ್ಕಳಿರುವ ಕುಟುಂಬಗಳಿಗಾಗಿ: ಠಾಣೆಯ ಹಿಂದಿನಿಂದ ಒಂದು ಮೈಲಿ ಏರಿ ಹಿಂದಿರುಗುವುದು, ಅಥವಾ ಪಕ್ಕದ ಮೌಂಟ್ ರೋಸ್ ಗುಡ್ಡವನ್ನು ಹತ್ತಿ ಕೊಲ್ಲಿಯನ್ನೂ ಠಾಣೆಯನ್ನೂ ಮೇಲಿನಿಂದ ನೋಡುವುದು. ಗುಡ್ಡದ ಹಾದಿ ಚಿಕ್ಕದು, ಆದರೆ ಕಡಿದು.

ಫೋರ್ಟ್ ಶಾರ್ಲೆಟ್‌ನಲ್ಲಿ ಕಾಣುವುದೇನು ಎಂದು ಕೇಳಿದರೆ, ಕಾಡು, ಹುಲ್ಲು, ನೆಲದ ಕೆಲವು ಕುಳಿಗಳು, ಶಾಂತವಾಗಿ ಹರಿಯುವ ನದಿ, ಅಷ್ಟೇ. ಕಟ್ಟಡ ಒಂದೂ ಉಳಿದಿಲ್ಲ, ಮರಳಿ ಕಟ್ಟಿಯೂ ಇಲ್ಲ. ಕಟ್ಟದಿರುವುದೇ ಒಳ್ಳೆಯದೆಂದು ನನಗೆ ತೋರುತ್ತದೆ.

ಇನ್ನು ಈ ಶ್ರಮವೆಲ್ಲ ಯಾವುದಕ್ಕಾಗಿ ಎಂಬ ಪ್ರಶ್ನೆ. ಅದನ್ನು ತಿಳಿಯದೆ ಠಾಣೆಯ ಉಗ್ರಾಣವನ್ನು ನೋಡಿದರೆ ಅಲ್ಲಿ ತೂಗುಹಾಕಿರುವ ಚರ್ಮಗಳು ಬರಿಯ ಅಲಂಕಾರವಾಗಿ ಕಾಣುತ್ತವೆ. ಬೀವರ್ ಚರ್ಮವನ್ನು ಕೊಂಡವರು ಮುಖ್ಯವಾಗಿ ಅದನ್ನು ಕೋಟಾಗಿ ತೊಡಲು ಕೊಂಡವರಲ್ಲ. ಟೊಪ್ಪಿಗೆ ಮಾಡಲು ಕೊಂಡವರು. ಬೀವರಿನ ಒರಟು ಹೊರಗೂದಲಿನ ಕೆಳಗೆ ಮೃದುವಾದ ಒಳತುಪ್ಪಳವಿದೆ. ಅದರ ಎಳೆಗಳ ಮೇಲೆ ಸೂಕ್ಷ್ಮವಾದ ಕೊಕ್ಕೆಗಳಿರುವುದರಿಂದ, ಬಿಸಿ ಮತ್ತು ತೇವಗಳಲ್ಲಿ ಒತ್ತಿದಾಗ ಒಂದಕ್ಕೊಂದು ಹೆಣೆದುಕೊಂಡು, ನೀರು ಹಿಡಿಯದ, ಆಕಾರ ಕೆಡದ ಗಟ್ಟಿ ಫೆಲ್ಟ್ ಆಗುತ್ತದೆ. ಯೂರೋಪಿನ ಬೀವರ್‌ಗಳನ್ನು ಬೇಟೆಯಾಡಿ ಬಹುತೇಕ ಮುಗಿಸಿದ ಮೇಲೆ ಅಲ್ಲಿನ ಟೊಪ್ಪಿಗೆ ತಯಾರಕರು ಅಮೆರಿಕದ ಕಡೆ ಮುಖಮಾಡಿದರು. ಮೂಲನಿವಾಸಿಗಳು ಚಳಿಗಾಲವಿಡೀ ತೊಟ್ಟು ಹಳತಾಗಿಸಿದ ಚರ್ಮಕ್ಕೆ ಹೊಸ ಚರ್ಮಕ್ಕಿಂತ ಹೆಚ್ಚು ಬೆಲೆ ಬರುತ್ತಿದ್ದ ಕಾಲವೂ ಇತ್ತು, ಏಕೆಂದರೆ ಮೈಯ ಜಿಡ್ಡು ಮತ್ತು ತಿಕ್ಕಾಟದಿಂದ ಹೊರಗೂದಲು ತಾನಾಗಿ ಉದುರಿರುತ್ತಿತ್ತು. ಮುಂದೆ ಫೆಲ್ಟ್ ತಯಾರಿಕೆಗೆ ಪಾದರಸದ ಲವಣವನ್ನು ಬಳಸತೊಡಗಿದಾಗ ಟೊಪ್ಪಿಗೆ ಕೆಲಸಗಾರರು ನಡುಕ, ಬುದ್ಧಿಭ್ರಮಣೆಗಳಿಗೆ ಗುರಿಯಾದರು.

ವ್ಯಾಪಾರದ ಗಾತ್ರವನ್ನು ತಿಳಿಯಲು ಮೆಕೆಂಜಿಯೇ ಕೊಟ್ಟಿರುವ 1798ರ ಲೆಕ್ಕ ಸಾಕು: ಒಂದೇ ವರ್ಷದಲ್ಲಿ 1,06,000 ಬೀವರ್, 32,000 ಮಾರ್ಟನ್, 17,000 ಮಸ್ಕ್‌ರ‍್ಯಾಟ್, 4,600 ನೀರುನಾಯಿ ಚರ್ಮಗಳು. ಇಂಗ್ಲೆಂಡಿನಿಂದ ಸರಕು ತರಿಸಿದ ಹಣ ತುಪ್ಪಳದ ರೂಪದಲ್ಲಿ ಲಂಡನ್ನಿಗೆ ಹೋಗಿ, ಮಾರಾಟವಾಗಿ, ಮರಳಿ ಕೈಸೇರಲು ಮೂರು ನಾಲ್ಕು ವರ್ಷ ಹಿಡಿಯುತ್ತಿತ್ತು. ಅಷ್ಟು ದಿನ ಕಾಯಬಲ್ಲ ಬಂಡವಾಳವಿದ್ದದ್ದು ಮಾಂಟ್ರಿಯಲ್‌ನ ಕೆಲವು ಸ್ಕಾಟಿಷ್ ವರ್ತಕರಿಗೆ; ಅವರ ಮುಂದಾಳು ಸೈಮನ್ ಮ್ಯಾಕ್‌ಟಾವಿಶ್. ಹೊರುವವರು ಫ್ರೆಂಚ್ ಕೆನಡಿಯನ್ನರು. ಲೆಕ್ಕಪುಸ್ತಕ ಒಬ್ಬರ ಭಾಷೆಯಲ್ಲಿ, ಹುಟ್ಟುಹಾಕುವಾಗಿನ ಹಾಡು ಇನ್ನೊಬ್ಬರ ಭಾಷೆಯಲ್ಲಿ.

ಈ ವ್ಯಾಪಾರಕ್ಕೂ ನಮ್ಮ ನಾಡಿನ ಚರಿತ್ರೆಗೂ ಒಂದು ತೆಳುವಾದ ಎಳೆ ಇದೆ, ಅದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. ನಾರ್ತ್ ವೆಸ್ಟ್ ಕಂಪನಿ ತನ್ನ ತುಪ್ಪಳವನ್ನು ಚೀನಾದ ಕ್ಯಾಂಟನ್ ಬಂದರಿನಲ್ಲಿ ಮಾರಲು 1790ರ ದಶಕದಲ್ಲಿ ಯತ್ನಿಸಿತು. ಆದರೆ ಬ್ರಿಟಿಷ್ ಹಡಗುಗಳು ಅಲ್ಲಿ ವ್ಯಾಪಾರ ಮಾಡುವ ಏಕಸ್ವಾಮ್ಯ ಇದ್ದದ್ದು ಈಸ್ಟ್ ಇಂಡಿಯಾ ಕಂಪನಿಗೆ. ಹಾಗಾಗಿ ಅಮೆರಿಕದ ಹಡಗುಗಳ ಮೂಲಕ ಸರಕು ಕಳುಹಿಸಬೇಕಾಯಿತು. ಪೆಸಿಫಿಕ್ ದಂಡೆಯ ನೂಟ್ಕಾದಿಂದ ಕಡಲ ನೀರುನಾಯಿಯ ಚರ್ಮ ತರಲು 1786ರಲ್ಲಿ ಮುಂಬಯಿಯಿಂದಲೇ ಹಡಗುಗಳು ಹೋಗಿದ್ದವು. ಶ್ರೀರಂಗಪಟ್ಟಣ ಬಿದ್ದ 1799ರ ಬೇಸಿಗೆಯಲ್ಲಿ ಇಲ್ಲಿ ಗ್ರ್ಯಾಂಡ್ ಪೋರ್ಟೇಜ್‌ನ ವ್ಯಾಪಾರ ಉತ್ತುಂಗದಲ್ಲಿತ್ತು.

ಹೀಗಿದ್ದ ಠಾಣೆ ಇದ್ದಕ್ಕಿದ್ದಂತೆ ಖಾಲಿಯಾದದ್ದು ಗಡಿಯ ಕಾರಣದಿಂದ. ಅಮೆರಿಕದ ಸ್ವಾತಂತ್ರ್ಯ ಯುದ್ಧವನ್ನು ಮುಗಿಸಿದ 1783ರ ಪ್ಯಾರಿಸ್ ಒಪ್ಪಂದ ಈ ನೀರಿನ ಮೇಲೆ ಒಂದು ಗೆರೆ ಎಳೆಯಿತು. ಆ ಒಪ್ಪಂದ ಬರೆದವರ ಮುಂದಿದ್ದ ನಕ್ಷೆಯಲ್ಲಿ ಸುಪೀರಿಯರ್ ಸರೋವರದೊಳಗೆ ಫಿಲಿಪೋ ಎಂಬ ದ್ವೀಪವಿತ್ತು. ಗಡಿಯನ್ನು ಅದರ ಉತ್ತರಕ್ಕೆ ಹಾಯಿಸಿದರು. ವಾಸ್ತವದಲ್ಲಿ ಅಂಥ ದ್ವೀಪವೇ ಇಲ್ಲ. ಏನೇ ಇರಲಿ, ಹೊರೆದಾರಿ ಅಮೆರಿಕದ ಪಾಲಿಗೆ ಬಂದಿತೆಂಬುದು ಕ್ರಮೇಣ ಸ್ಪಷ್ಟವಾಯಿತು. ಬ್ರಿಟನ್ ಮತ್ತು ಅಮೆರಿಕಗಳ ನಡುವಿನ 1794ರ ಜೇ ಒಪ್ಪಂದದ ನಂತರ ಸುಂಕದ ಭಯ ಹೆಚ್ಚಿ, 1803ರ ವೇಳೆಗೆ ಕಂಪನಿ ತನ್ನ ಠಾಣೆಯನ್ನು ಬ್ರಿಟಿಷ್ ನೆಲದ ಕಮಿನಿಸ್ಟಿಕ್ವಿಯಾ ನದಿಯ ಮುಖಕ್ಕೆ ಸಾಗಿಸಿತು. 1807ರಲ್ಲಿ ಅದಕ್ಕೆ ಫೋರ್ಟ್ ವಿಲಿಯಂ ಎಂಬ ಹೆಸರಾಯಿತು. ಗಡಿಯ ತಕರಾರು ಬಗೆಹರಿದದ್ದು 1842ರ ಒಪ್ಪಂದದಲ್ಲಿ. ಗ್ರ್ಯಾಂಡ್ ಪೋರ್ಟೇಜ್ ದಾರಿ ಎರಡೂ ದೇಶಗಳ ಪ್ರಜೆಗಳಿಗೆ ಮುಕ್ತವಾಗಿರತಕ್ಕದ್ದೆಂದು ಅದರಲ್ಲಿ ಬರೆದಿದೆ.

ಕಂಪನಿ ಹೋಯಿತು, ಅನಿಶಿನಾಬೆ ಜನರು ಎಲ್ಲಿಗೂ ಹೋಗಲಿಲ್ಲ. ತುಪ್ಪಳ ವ್ಯಾಪಾರದ ತಾಣಗಳನ್ನು ನೋಡುವಾಗ ಯಾರ ಕಥೆ ಕೇಳುತ್ತಿದ್ದೇವೆ ಎಂಬುದನ್ನು ವಿಚಾರಿಸುತ್ತಲೇ ಇರಬೇಕು. ಬಲೆ ಹಾಕಿ ಪ್ರಾಣಿ ಹಿಡಿದವರು, ಚರ್ಮ ಹದಮಾಡಿದವರು, ದೋಣಿ ಕಟ್ಟಿದವರು, ಮಂಜಿನ ಪಾದುಕೆ ಹೆಣೆದವರು, ಕಾಡಕ್ಕಿ ಕೊಯ್ದು ವ್ಯಾಪಾರಿಗಳ ಹೊಟ್ಟೆ ತುಂಬಿಸಿದವರು ಅವರೇ. ಈ ಕೆಲಸಗಳಲ್ಲಿ ಹೆಚ್ಚಿನವು ಹೆಂಗಸರವು. ಅನೇಕ ವ್ಯಾಪಾರಿಗಳು ಅವರ ಹೆಣ್ಣುಮಕ್ಕಳನ್ನು ಆ ನಾಡಿನ ಪದ್ಧತಿಯಂತೆ ಮದುವೆಯಾದರು. ಅವರಲ್ಲಿ ಕೆಲವರು ಊರಿಗೆ ಹಿಂದಿರುಗುವಾಗ ಹೆಂಡತಿ ಮಕ್ಕಳನ್ನು ಬಿಟ್ಟುಹೋದರು. ವ್ಯಾಪಾರದ ಜೊತೆಗೆ ಬಂದದ್ದು ಹಿತ್ತಾಳೆಯ ಕೊಳಗ ಮಾತ್ರವಲ್ಲ. ರಮ್ ಬಂತು. 1780ರ ದಶಕದ ಆರಂಭದಲ್ಲಿ ಸಿಡುಬು ಈ ಜಲಮಾರ್ಗಗಳ ಗುಂಟ ಹರಡಿ ಹಳ್ಳಿಹಳ್ಳಿಗಳನ್ನೇ ಬರಿದುಮಾಡಿತು.

1854ರ ಲಾ ಪಾಯಿಂಟ್ ಒಪ್ಪಂದದ ಮೂಲಕ ಸರೋವರದ ಉತ್ತರ ದಂಡೆಯ ಬಹುಭಾಗ ಅನಿಶಿನಾಬೆಯರ ಕೈತಪ್ಪಿತು. ಗ್ರ್ಯಾಂಡ್ ಪೋರ್ಟೇಜ್ ಸುತ್ತಲಿನ ನೆಲ ಅವರ ಮೀಸಲು ಪ್ರದೇಶವಾಗಿ ಉಳಿಯಿತು. ನೀವು ಕಾರು ಓಡಿಸುವುದು, ಉಳಿದುಕೊಳ್ಳುವುದು, ನಡೆಯುವುದು ಎಲ್ಲವೂ ಅವರ ನಾಡಿನಲ್ಲಿ. 1930ರ ದಶಕದಲ್ಲಿ ಪುರಾತತ್ವ ಶೋಧನೆ ಆರಂಭವಾಗಿ ಠಾಣೆಯ ಮುಖ್ಯ ಕಟ್ಟಡವಾದ ಮಹಾಭವನವನ್ನು ಮೊದಲ ಬಾರಿ ಮರಳಿ ಕಟ್ಟಿದಾಗ ಕೆಲಸ ಮಾಡಿದವರು ಇದೇ ಊರಿನ ಓಜಿಬ್ವೆ ಕೂಲಿಗಳು. 1958ರಲ್ಲಿ ಸ್ಮಾರಕಕ್ಕೆ ಬೇಕಾದ ನೆಲವನ್ನು ದಾನವಾಗಿ ಕೊಟ್ಟದ್ದು ಇಲ್ಲಿನ ಓಜಿಬ್ವೆ ಪಂಗಡ. 1999ರಿಂದ ರಾಷ್ಟ್ರೀಯ ಉದ್ಯಾನ ಸೇವೆಯೊಂದಿಗೆ ಒಪ್ಪಂದ ಮಾಡಿಕೊಂಡು ಸ್ಮಾರಕದ ನಿರ್ವಹಣೆಯಲ್ಲಿಯೂ ಪಂಗಡ ಪಾಲುಗೊಂಡಿದೆ. ಇಂಥ ಏರ್ಪಾಡು ಈ ದೇಶದ ಉದ್ಯಾನಗಳಲ್ಲಿ ಅಪರೂಪ. ಬೇರೆ ತಾಣಗಳಲ್ಲಿ ಮೂಲನಿವಾಸಿಗಳು ಫಲಕದ ಮೇಲಿನ ಚಿತ್ರವಾಗಿ ಕಾಣುತ್ತಾರೆ. ಇಲ್ಲಿ ನಿಮಗೆ ದಾರಿ ಹೇಳುವ ಉದ್ಯೋಗಿಯೇ ಆ ಜನರಲ್ಲಿ ಒಬ್ಬರಾಗಿರಬಹುದು. ಆದ್ದರಿಂದ ಮಾತಿಗೆ ಹೆಚ್ಚು ಸಮಯ ಇಟ್ಟುಕೊಳ್ಳಿ.

ಹ್ಯಾಟ್ ಪಾಯಿಂಟ್ ಎಂಬ ಚಾಚಿನಲ್ಲಿ ಬಂಡೆಯೊಳಗಿಂದ ಬೆಳೆದ ಒಂದು ಪುರಾತನ ಸೀಡರ್ ಮರವಿದೆ. ಅದು ಅವರಿಗೆ ಪೂಜ್ಯವಾದದ್ದು. ಪಂಗಡದವರ ಜೊತೆಯಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ಅಂತರ್ಜಾಲದಲ್ಲಿ ಚಿತ್ರ ಕಂಡು ಕದ್ದುಮುಚ್ಚಿ ಹೋಗುವವರಿದ್ದಾರೆ. ನಮ್ಮೂರಿನ ಗರ್ಭಗುಡಿಗೆ ಯಾರೋ ಬೂಟು ಹಾಕಿಕೊಂಡು ನುಗ್ಗಿದರೆ ನಾವು ಏನೆನ್ನುತ್ತೇವೆಂಬುದು ನಮಗೆ ಗೊತ್ತಿದೆ, ಹೆಚ್ಚು ಹೇಳಬೇಕಿಲ್ಲ.

ಈಗ ಕಟ್ಟಡಗಳು. ಜಲಪಾತ, ದಾರಿ ಎರಡೂ ಆದ ಮೇಲೆ, ಎರಡನೆಯ ದಿನ ಬೆಳಿಗ್ಗೆ ಇವಕ್ಕೆ ಮೀಸಲಿಡಿ. ಮೊದಲು 2007ರಲ್ಲಿ ತೆರೆದ ಪರಂಪರಾ ಕೇಂದ್ರದ ವಸ್ತುಸಂಗ್ರಹವನ್ನು ನೋಡಿ, ನಂತರ ಬೇಲಿಯತ್ತ ಇಳಿಯಿರಿ. ಬೇಲಿಯ ಹೊರಗಿರುವ ಓಜಿಬ್ವೆ ಬಿಡಾರವನ್ನು, ಅಂದರೆ ತೊಗಟೆ ಹೊದಿಸಿದ ವಿಗ್ವಾಮ್‌ಗಳನ್ನು ಮತ್ತು ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳಗಳನ್ನು ಒಟ್ಟಿಗೆ ಬೆಳೆಯುವ ತೋಟವನ್ನು ದಾಟಿಕೊಂಡು ಮುಂದೆ ಓಡಬೇಡಿ. ಒಳಗೆ ಮಹಾಭವನ ಮತ್ತು ಅಡುಗೆಮನೆ, ಬೇಲಿಯ ಹೊರಗೆ ದೋಣಿಗಳ ಉಗ್ರಾಣ. ಮಹಾಭವನದಲ್ಲಿ ಪಾಲುದಾರರು ಸಭೆ ಸೇರುತ್ತಿದ್ದರು, ಔತಣ, ಕುಣಿತಗಳೂ ಅಲ್ಲಿಯೇ. ಹೊರೆಯಾಳುಗಳು ಹೊರಗೆ, ಮಗುಚಿದ ದೋಣಿಯ ಅಡಿಯಲ್ಲಿ ಮಲಗುತ್ತಿದ್ದರು. ಈಗಿನ ಭವನ ಎರಡನೆಯ ಮರುನಿರ್ಮಾಣ. ಮೊದಲನೆಯದು 1969ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. ಹಳೆಯ ಮರ ಎಂದುಕೊಂಡು ಯಾರೂ ತಡವಿ ನೋಡುವ ಅಗತ್ಯವಿಲ್ಲ, ಆದರೆ ಅಡಿಪಾಯದ ಜಾಗ ಮಾತ್ರ ನಿಜವಾದದ್ದೇ.

ಯಾವಾಗ ಹೋಗಬೇಕು? ಠಾಣೆಯ ಕಟ್ಟಡಗಳು ಸಾಮಾನ್ಯವಾಗಿ ಮೇ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಮಾತ್ರ ತೆರೆದಿರುತ್ತವೆ. ಹೊರಡುವ ಮೊದಲು ಆ ವರ್ಷದ ದಿನಾಂಕ, ವೇಳೆಗಳನ್ನು ಖಚಿತಪಡಿಸಿಕೊಳ್ಳಿ. ಜೂನ್‌ನಲ್ಲಿ ಕಪ್ಪು ನೊಣ ಮತ್ತು ಸೊಳ್ಳೆಗಳ ಕಾಟ ವಿಪರೀತ; ಕಾಡಿನ ದಾರಿಯಲ್ಲಿ ಉಣ್ಣೆಹುಳುಗಳೂ ಇರುವುದರಿಂದ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು ಅಗತ್ಯ. ಆಗಸ್ಟ್ ತಿಂಗಳ ಎರಡನೆಯ ವಾರಾಂತ್ಯದಲ್ಲಿ ಹಳೆಯ ಮಿಲನವನ್ನು ಮರುರೂಪಿಸುವ ಉತ್ಸವವೂ, ಅದೇ ವೇಳೆಗೆ ಪಂಗಡದ ಪೌವೌ ಎಂಬ ಹಾಡು, ಕುಣಿತಗಳ ಕೂಟವೂ ನಡೆಯುತ್ತವೆ. ಅದನ್ನು ನೋಡಬೇಕೆನ್ನುವವರು ವಸತಿಯನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು. ಗದ್ದಲ ಬೇಡವೆನ್ನುವವರಿಗೆ ಸೆಪ್ಟೆಂಬರ್ ಮೂರನೆಯ ವಾರ ಚೆನ್ನು: ಹುಳುಗಳಿಲ್ಲ, ಎಲೆಗಳಿಗೆ ಬಣ್ಣ ಬರತೊಡಗಿರುತ್ತದೆ, ಮಾರ್ಗದರ್ಶಕರಿಗೆ ಪ್ರಶ್ನೆ ಕೇಳಲು ಸರದಿ ಕಾಯಬೇಕಿಲ್ಲ. ಜುಲೈನಲ್ಲೂ ಸರೋವರದ ಗಾಳಿ ತಣ್ಣಗಿರುತ್ತದೆ, ಸ್ವೆಟರ್ ಮರೆಯಬೇಡಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಯಾರ ಮೇಲೂ ಭರವಸೆ ಇಡದೆ ಬುತ್ತಿ ಕಟ್ಟಿಕೊಳ್ಳುವುದೇ ಕ್ಷೇಮ. ಪುಳಿಯೋಗರೆ, ಚಪಾತಿ, ಚಟ್ನಿಪುಡಿಗಳು ಎರಡು ದಿನ ಕೆಡುವುದಿಲ್ಲ. ದಿನಸಿ ಬೇಕಾದರೆ ಗ್ರ್ಯಾಂಡ್ ಮರೇಯಲ್ಲೇ ಕೊಂಡುಕೊಳ್ಳಿ. ಪೆಟ್ರೋಲನ್ನೂ ಅಲ್ಲಿಯೇ ತುಂಬಿಸಿಕೊಳ್ಳಿ.

ಮೊಬೈಲಿನ ಬಗ್ಗೆ ಒಂದು ಎಚ್ಚರಿಕೆ. ಗಡಿಯ ಸಮೀಪದಲ್ಲಿ ಫೋನು ಕೆನಡಾದ ಗೋಪುರಕ್ಕೆ ಅಂಟಿಕೊಳ್ಳುತ್ತದೆ. ಆಗ ರೋಮಿಂಗ್ ಶುಲ್ಕವೂ ಬೀಳಬಹುದು, ಗಡಿಯಾರವೂ ಒಂದು ಗಂಟೆ ಮುಂದಕ್ಕೆ ಹಾರಬಹುದು, ಏಕೆಂದರೆ ಆಚೆಯ ಥಂಡರ್ ಬೇ ಪೂರ್ವ ಕಾಲವಲಯದಲ್ಲಿದೆ. ಕೈಗಡಿಯಾರ ಕಟ್ಟಿಕೊಂಡು ಹೋಗಿ.

ಕಾಗದಪತ್ರ ಸರಿಯಿರುವವರು ಮೂರನೆಯ ದಿನವನ್ನು ಥಂಡರ್ ಬೇಗೆ ಕೊಡಬಹುದು. ಗ್ರ್ಯಾಂಡ್ ಪೋರ್ಟೇಜ್‌ನಿಂದ ಸುಮಾರು 40 ಮೈಲಿ. ಅಲ್ಲಿನ ಫೋರ್ಟ್ ವಿಲಿಯಂ ಐತಿಹಾಸಿಕ ಉದ್ಯಾನ 1815ರ ಕಾಲದ ಠಾಣೆಯ ವಿಶಾಲವಾದ ಮರುನಿರ್ಮಾಣ, 1973ರಲ್ಲಿ ತೆರೆದದ್ದು. ಡಜನ್‌ಗಟ್ಟಲೆ ಕಟ್ಟಡಗಳು, ಕಮ್ಮಾರಸಾಲೆ, ದೋಣಿ ಕಟ್ಟುವ ಕೊಟ್ಟಿಗೆ, ಆಸ್ಪತ್ರೆ, ಹೊಲ. ಮಕ್ಕಳಿಗೆ ಇದು ಗ್ರ್ಯಾಂಡ್ ಪೋರ್ಟೇಜ್‌ಗಿಂತ ಹೆಚ್ಚು ಹಿಡಿಸುತ್ತದೆಂದು ಒಪ್ಪಿಕೊಳ್ಳಲೇಬೇಕು. ಆದರೆ ಅದು ಮೂಲದ ಜಾಗದಲ್ಲಿಲ್ಲ. ಮೂಲದ ಜಾಗವನ್ನು ರೈಲ್ವೆ ಯಾರ್ಡು ನುಂಗಿದ್ದರಿಂದ ಅದೇ ನದಿಯ ಮೇಲ್ಭಾಗದಲ್ಲಿ, ಹಲವು ಮೈಲಿ ದೂರದಲ್ಲಿ ಕಟ್ಟಿದ್ದಾರೆ. ಗ್ರ್ಯಾಂಡ್ ಪೋರ್ಟೇಜ್‌ನಲ್ಲಿ ಕಟ್ಟಡ ಕಡಿಮೆ, ಜಾಗ ಅದೇ. ಫೋರ್ಟ್ ವಿಲಿಯಂನಲ್ಲಿ ಕಟ್ಟಡ ಹೆಚ್ಚು, ಜಾಗ ಬೇರೆ. ಎರಡನ್ನೂ ನೋಡುವವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹೋಲಿಕೆ ನ್ಯಾಯವಾಗಿರುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವೀಸಾ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಉಳ್ಳವರಿಗೆ ಆ ವೀಸಾದ ವಿನಾಯಿತಿ ಇದೆ, ಆದರೆ ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಚಾಲ್ತಿಯಲ್ಲಿರಬೇಕು. ಎಚ್-1ಬಿಯಲ್ಲಿರುವವರು ಹಿಂದಿರುಗುವಾಗ ತಮ್ಮ ಅಮೆರಿಕ ವೀಸಾ ಮುದ್ರೆಯ ಅವಧಿ ಏನಾಗಿದೆಯೆಂದು ಮೊದಲೇ ನೋಡಿಕೊಳ್ಳಬೇಕು. ನಿಯಮಗಳು ಬದಲಾಗುತ್ತಿರುವುದರಿಂದ ಸರ್ಕಾರಿ ಮಾಹಿತಿಯನ್ನಷ್ಟೇ ನಂಬಿ. ಬುತ್ತಿಯ ಹಣ್ಣು, ತರಕಾರಿಗಳನ್ನು ಗಡಿಯಲ್ಲಿ ಘೋಷಿಸುವುದನ್ನು ಮರೆಯಬಾರದು.

ಉಪನ್ಯಾಸದ ನಂತರ ಸಭಿಕರೊಬ್ಬರು, ಚಳಿಗಾಲದಲ್ಲಿ ಹೋಗಲು ಸಾಧ್ಯವೇ ಎಂದು ಕೇಳಿದರು. ಸಾಧ್ಯ. ಮಹಾಭವನ ಮತ್ತು ಉಗ್ರಾಣಗಳು ಮುಚ್ಚಿರುತ್ತವೆ, ಪರಂಪರಾ ಕೇಂದ್ರ ತೆರೆದಿರುತ್ತದೆ, ಹೊರೆದಾರಿಯಲ್ಲಿ ಮಂಜಿನ ಪಾದುಕೆ ಅಥವಾ ಸ್ಕೀ ಕಟ್ಟಿಕೊಂಡು ನಡೆಯಬಹುದು. ಡಿಸೆಂಬರ್‌ನಲ್ಲಿ ನಾಲ್ಕೂವರೆಯ ಮೊದಲೇ ಕತ್ತಲಾಗುತ್ತದೆ. ಆದ್ದರಿಂದ ಮಧ್ಯಾಹ್ನ ಒಂದು ಗಂಟೆಗೆ, ಎಲ್ಲಿದ್ದರೂ ಸರಿ, ಹಿಂದಕ್ಕೆ ತಿರುಗಬೇಕೆಂದು ಅವರಿಗೆ ಉತ್ತರಿಸಿದೆ.